ಹಳೆಯ ಶೆಡ್ಡಿಗೆ ಹಾರ

"ಅಕ್ಕಾರ, ಹಾರ ಕಡಿಮಿ ಬಂದಾವ್ರಿ," ಎಂದ ಮಗ್ಗ ರಿಪೇರಿಯ ಗುರಣ್ಣ.

ಕಾಂಚನ ಆರತಿ ತಟ್ಟೆ ಹಿಡಿದು ಹಳೆಯ ಶೆಡ್ಡಿನ ಬಾಗಿಲಲ್ಲೇ ನಿಂತಳು. ಖಂಡೇನವಮಿಯ ಆಯುಧಪೂಜೆಯೆಂದು ಇಚಲಕರಂಜಿಯ ಆ ಗಿರಣಿಯಲ್ಲಿ ಮಗ್ಗಗಳೆಲ್ಲ ನಿಂತಿದ್ದವು. ಬುಟ್ಟಿಯಲ್ಲಿ ಹೊಸ ಮಗ್ಗಗಳಿಗೆಂದು ಮಾರುದ್ದದ ಚೆಂಡುಹೂವಿನ ಹಾರಗಳಿದ್ದವು. ಹಳೆಯ ಶೆಡ್ಡಿನ ಮಗ್ಗಗಳಿಗೆ ಒಂದೂ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ ಆ ಶೆಡ್ ಮುಚ್ಚುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ ಎಂದು ಪುಣೆಯ ಸಲಹೆಗಾರ ತಾಕೀತು ಮಾಡಿದ್ದ. ಕಾಂಚನ ಯಾರಿಗೂ ಹೇಳಿರಲಿಲ್ಲ. ಆದರೆ ಹಾರಕ್ಕೆ ಹೇಳಿಕಳಿಸುವಾಗ, ಹೇಗೂ ಹೋಗುವ ಮಗ್ಗಗಳನ್ನು ತನಗರಿವಿಲ್ಲದೆ ಬಿಟ್ಟುಬಿಟ್ಟಿದ್ದಳು.

ಅವಳು ಮ್ಯಾನೇಜಿಂಗ್ ಡೈರೆಕ್ಟರ್ ಆಗಿ ವರ್ಷವಾಗಿತ್ತು. ಆ ಕುರ್ಚಿಯಲ್ಲಿ ಕೂತವರ ಕೆಲಸ ದೂರ ನೋಡುವುದು ಎಂದು ಸಲಹೆಗಾರ ಬಿಳಿ ಹಲಗೆಯ ಮೇಲೆ ಬಾಣ ಬಿಡಿಸಿ ಬಿಡಿಸಿ ಕಲಿಸಿದ್ದ. ಪಾಪ, ಬಾಣಗಳೇನೋ ಚೆನ್ನಾಗಿದ್ದವು. ಮೇಲೆ ಕೂತವಳು ಏನು ಮರೆಯುತ್ತಾಳೆಂದು ಕೆಳಗಿನವರು ನೋಡುತ್ತಿರುತ್ತಾರೆ ಎಂಬುದನ್ನು ಮಾತ್ರ ಅವನು ಹೇಳಿರಲಿಲ್ಲ.

ಒರೆಸಿ ಕುಂಕುಮ ಹಚ್ಚಿದ ಮಗ್ಗಗಳ ಪಕ್ಕ ಜನ ನಿಂತಿದ್ದರು. ಲಾಳಿಯೊಳಗಿಡುವ ಕಾಂಡಿಗಳಿಗೆ ನೂಲು ಸುತ್ತುವ ಸಾವಕ್ಕ ಮುಂದೆ ಬಂದಳು.

"ಹೊಸಾ ಮಗ್ಗಕ್ಕ ಲಾಳಿನ ಇಲ್ಲಂತ, ಖರೇನ್ರಿ?"

"ಹೌದು ಸಾವಕ್ಕಾ."

"ಲಾಳಿ ಇಲ್ಲಂದ್ರ ಕಾಂಡಿ ಬ್ಯಾಡ. ನಾವೂ ಬ್ಯಾಡೇನ್ರಿ?"

ದೀಪಾವಳಿಯಾದ ಮೇಲೆ ನೋಡೋಣ ಎಂಬ ಮಾತು ಕಾಂಚನಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು. ನಾಚಿಕೆಯಾಯಿತು, ಮಂಡಳಿಯ ಮುಖಗಳು ನೆನಪಾಗಿ ಹೆದರಿಕೆಯೂ ಆಯಿತು.

"ಹಳೇ ಮಗ್ಗ ಹೋಗ್ತಾವ್ರಿ. ಅದನ್ನ ತಪ್ಪಸಾಕ ನನ್ನ ಕಡಿಂದ ಆಗೂದಿಲ್ಲ. ಮುಂದ ನಿಮಗ ಏನ ಕೆಲಸ ಅನ್ನೂದು ನನಗ ಇನ್ನೂ ಗೊತ್ತಿಲ್ಲ. ಅದು ನಕ್ಕಿ ಆಗೂತನಕ ಈ ಶೆಡ್ಡಿಗೆ ಕೀಲಿ ಹಾಕಾಕ ನಾ ಸಹಿ ಮಾಡೂದಿಲ್ಲ."

ಗುರಣ್ಣ ಕೆಮ್ಮಿ ಬೇರೆ ಕಡೆ ನೋಡಿದ.

ಕಾಂಚನ ಆರತಿ ತಟ್ಟೆ ಕೆಳಗಿಟ್ಟು, ಬುಟ್ಟಿಯನ್ನು ಹತ್ತಿರಕ್ಕೆಳೆದು, ನೆಲದ ಮೇಲೆ ಕುಳಿತು, ಹಾರ ಬಿಚ್ಚತೊಡಗಿದಳು. ಎಲ್ಲ ಮಗ್ಗಗಳಿಗೂ ಚಿಕ್ಕ ಚಿಕ್ಕ ಹಾರವಾದರೂ ಆಗಬೇಕಿತ್ತು. ಗಂಟು ಬಿಚ್ಚಲಾಗದೆ ಎಳೆದಳು. ದಾರ ಹರಿದು ಹೂವು ರೇಷ್ಮೆ ಸೀರೆಯ ಮೇಲೆಲ್ಲ ಚೆಲ್ಲಿತು.

ಸಾವಕ್ಕ ನಿಂತು ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ, ತಾನು ನಿನ್ನೆ ಸುತ್ತಿಟ್ಟಿದ್ದ ಕಾಂಡಿಯೊಂದನ್ನು ತಂದು, ಎದುರಿಗೆ ಕುಳಿತಳು. ನೂಲೆಳೆದು ಒಂದು ತುದಿಯನ್ನು ಕಾಂಚನಳತ್ತ ಚಾಚಿದಳು.

"ಬಿಗಿ ಹಿಡೀರಿ."