ಒಂದಕ್ಕೆ ಎರಡು

ನಮ್ಮ ಹವಾನಾದಲ್ಲಿ ಗಂಡನನ್ನು ಬಿಡಲು ಒಂದು ಬೆಳಗ್ಗೆ ಸಾಕು, ಮನೆ ಬಿಡಲು ಮಾತ್ರ ಆಯುಸ್ಸು ಸಾಲದು. ನಾನೂ ಎವೆಲಿಯೊನೂ ವಿಚ್ಛೇದನಕ್ಕೆ ಸಹಿ ಹಾಕಿ ಹೊರಬಂದವರು ಒಂದೇ ಬಸ್ಸು ಹತ್ತಿ, ಒಂದೇ ಬೀಗ ತೆಗೆದು, ಅದೇ ಕೋಣೆಗೆ ವಾಪಸು ಬಂದೆವು. ಇನ್ನೆಲ್ಲಿಗೆ ಹೋಗುವುದು? ಬಾಡಿಗೆಗೆ ಮನೆಯಿಲ್ಲ, ಕೊಳ್ಳಲು ಕಾನೂನಿಲ್ಲ. ಮಕ್ಕಳು ಮರಿ ಇರಲಿಲ್ಲ, ಜಗಳವಾಡಲು ಆ ಕೋಣೆಯೊಂದೇ ನಮಗುಳಿದ ಆಸ್ತಿ.

ಯಾಕೆ ಬಿಟ್ಟ ಅಂತೀರಾ? ಇನ್ನೊಬ್ಬಳಿಲ್ಲ, ಕುಡಿತವಿಲ್ಲ. ಒಂದು ದಿನ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, "ನೀವೆಸ್, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ ಕಣೇ. ಈ ಕೋಣೇಲಿ ಉಸಿರು ಕಟ್ಟತ್ತೆ. ಕೈ ಚಾಚಿದ್ರೆ ಗೋಡೆ, ಕಾಲು ಚಾಚಿದ್ರೆ ನೀನು" ಅಂದ. ನಾನು ನಂಬಿದೆ. ನಮ್ಮೂರಲ್ಲಿ ಯಾರಾದರೂ ನಂಬುವ ಮಾತೇ ಅದು. ಇಲ್ಲಿ ಅತ್ತೆ ಸೊಸೆ ಕಿತ್ತಾಡಿದರೆ ಜಾಗವಿಲ್ಲದ್ದಕ್ಕೆ, ಮಗು ಹಟ ಮಾಡಿದರೆ ಜಾಗವಿಲ್ಲದ್ದಕ್ಕೆ, ಮುದುಕ ಸತ್ತರೂ ಜಾಗವಿಲ್ಲದ್ದಕ್ಕೆ.

ನಮ್ಮ ವಠಾರ ಹಿಂದೊಮ್ಮೆ ಯಾರೋ ಸಕ್ಕರೆ ಸಾಹುಕಾರನ ಬಂಗಲೆಯಂತೆ. ಕೋಣೆಗಳು ಕಿರಿದು, ಸೂರು ಮಾತ್ರ ಎತ್ತರ. ಹಾಗಾಗಿ ಎಲ್ಲರೂ ಕೋಣೆಯ ನಡುವೆ ಹಲಗೆ ಹೊಡೆದು ಅಟ್ಟ ಮಾಡಿಕೊಂಡು ಒಂದನ್ನು ಎರಡು ಮಾಡುತ್ತಾರೆ. ಎವೆಲಿಯೊನೂ ಅದನ್ನೇ ಮಾಡಿದ. ಅವನು ಮೇಲೆ, ನಾನು ಕೆಳಗೆ. ಎತ್ತರದ ಕಿಟಕಿ ಅಟ್ಟದಿಂದಾಗಿ ಅಡ್ಡಕ್ಕೆ ತುಂಡಾಗಿ ಬೆಳಕೆಲ್ಲ ಅವನ ಪಾಲಿಗೆ ಹೋಯಿತು. ನನಗೆ ಕತ್ತಲೆ, ಒಲೆ ಮತ್ತು ನಮ್ಮಮ್ಮನ ಮರದ ಬೀರು. ಅವನು ಏಣಿ ಇಳಿದು ಬರುವಾಗ ಮೊದಲು ಕಾಲು ಕಾಣುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ಮುಖ. ಆ ಮುಖ "ಗುಡ್ ಮಾರ್ನಿಂಗ್" ಅನ್ನುತ್ತಿತ್ತು, ಬ್ಯಾಂಕಿನವನ ಹಾಗೆ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಇನ್ನು ಉಳಿದದ್ದು ಮನೆ ಅದಲುಬದಲು. ಭಾನುವಾರ ಪ್ರಾದೋ ಬೀದಿಯ ಮರಗಳ ಕೆಳಗೆ ಇಡೀ ಊರೇ ಕತ್ತಿಗೆ ರಟ್ಟು ನೇತುಹಾಕಿಕೊಂಡು ನಿಂತಿರುತ್ತದೆ. ನಮ್ಮ ರಟ್ಟಿನ ಮೇಲೆ ಎವೆಲಿಯೊ ದಪ್ಪಕ್ಕೆ ಬರೆದಿದ್ದ: ಒಂದಕ್ಕೆ ಎರಡು. ಅಂದರೆ ನಮ್ಮದೊಂದು ಕೋಣೆ ತಗೊಳ್ಳಿ, ಬದಲಿಗೆ ಬೇರೆ ಬೇರೆ ಕಡೆ ಎರಡು ಪುಟ್ಟ ಗೂಡು ಕೊಡಿ. ಒಂದನ್ನು ಎರಡು ಮಾಡಲು ಬಂದವರೆಲ್ಲ ಬಿಟ್ಟವರು, ಎರಡನ್ನು ಒಂದು ಮಾಡಲು ಬಂದವರು ಮದುವೆಯಾಗುವವರು. ಅವರ ಮುಖ ನೋಡಿಯೇ ಹೇಳಬಹುದಿತ್ತು.

ಬಂದವರು ನಮ್ಮ ಕೋಣೆಗೆ ಕಾಲಿಟ್ಟು ಮೂಗು ಮುರಿದು ಹೋಗುತ್ತಿದ್ದರು. "ಅಯ್ಯೋ, ಇದೇನು ಬೆಂಕಿಪೊಟ್ಟಣನಾ?" ಅಂದಳು ಒಬ್ಬಳು. ಅವಳ ಮೂತಿಗಿಷ್ಟು. ಹೊರಗೆ ಬೈದರೂ ಒಳಗೊಳಗೇ ನನಗೆ ಖುಷಿ. ಯಾರೂ ಒಪ್ಪದಿದ್ದರೆ ಅವನು ಎಲ್ಲಿಗೂ ಹೋಗುವ ಹಾಗಿರಲಿಲ್ಲವಲ್ಲ.

ಪಕ್ಕದ ಕೋಣೆಯ ಫೆಲಾ ಅಜ್ಜಿ ಒಂದು ದಿನ ಬಟ್ಟೆ ಒಣಹಾಕುತ್ತಾ ಕೇಳಿದಳು. "ಏನೇ ನೀವೆಸ್, ಇಡೀ ಗಾಲಿಯಾನೋ ಬೀದೀಲಿ ಅಂಗಡಿ ಗಾಜಿನೊಳಗೆ ಸಾಮಾನು ಜೋಡಿಸೋಳು ನೀನು. ಎರಡು ಜೊತೆ ಚಪ್ಪಲಿ ಇಟ್ಟು ಅರಮನೆ ಮಾಡ್ತೀಯಂತೆ. ನಿನ್ನ ಕೋಣೆ ಯಾಕೆ ಹೀಗೆ ಗವಿ ಥರ ಇಟ್ಕೊಂಡಿದ್ದೀಯ?"

"ದೊಡ್ಡದು ಕಾಣೋ ಹಾಗೆ ಮಾಡಿದ್ರೆ ಯಾರಾದ್ರೂ ಒಪ್ಕೋತಾರೆ, ಅವ್ನು ಹೊರಟೋಗ್ತಾನಲ್ಲ ಅಜ್ಜಿ."

"ಹುಚ್ಚಿ! ಅವ್ನು ಹೋಗ್ತೀನಿ ಅಂದಿದ್ದೇ ಸಣ್ಣದು ಅಂತ ತಾನೆ?"

ನನ್ನ ಬಟ್ಟೆಯ ಬಕೆಟ್ಟು ಕೈಯಲ್ಲೇ ಉಳಿಯಿತು. ಹೌದಲ್ಲ! ಉಸಿರಾಡಲು ಜಾಗವಿಲ್ಲ ಎಂದು ತಾನೆ ಅವನು ನನ್ನನ್ನು ಬಿಟ್ಟದ್ದು? ಜಾಗ ಮಾಡಿಕೊಟ್ಟರೆ ಬಿಡಲು ಕಾರಣವೇ ಇಲ್ಲ. ಕೋಣೆ ದೊಡ್ಡದು ಮಾಡುವುದೆಂದು ಅವತ್ತೇ ನಾನು ನಿರ್ಧಾರ ಮಾಡಿದೆ. ನೋಡಲು ಬರುವವರಿಗಾಗಿ ಎಂದು ಅವನಿಗೆ ಹೇಳಿದೆ. ಮಾಡಿದ್ದು ಅವನಿಗಾಗಿ.

ಮೊದಲು ಅಮ್ಮನ ಬೀರು ಹೋಯಿತು. ಅರ್ಧ ಕೋಣೆ ನುಂಗಿ ಕೂತಿತ್ತು ಅದು. ಅದರ ಬಾಗಿಲಿನ ಕನ್ನಡಿ ಮಾತ್ರ ಬಿಚ್ಚಿಕೊಂಡು, ಬೀರನ್ನು ಫೆಲಾ ಅಜ್ಜಿಯ ಮಗನಿಗೆ ಕೊಟ್ಟೆ. ನಾಲ್ಕು ಜನ ಅದನ್ನು ಹೊತ್ತು ಅಂಗಳ ದಾಟಿಸುವಾಗ ಅಮ್ಮನನ್ನೇ ಎರಡನೇ ಸಲ ಕಳಿಸಿದ ಹಾಗಾಯಿತು, ಗೋಳೋ ಎಂದು ಅತ್ತುಬಿಟ್ಟೆ. ಎವೆಲಿಯೊ ನನ್ನ ಭುಜದ ಮೇಲೆ ಕೈಯಿಟ್ಟ. ವಿಚ್ಛೇದನ ಆದಮೇಲೆ ಅದೇ ಮೊದಲ ಸಲ. ಬೀರು ಹೋದರೆ ಹೋಗಲಿ ಅನ್ನಿಸಿತು.

ಆಮೇಲೆ ಸುಣ್ಣ. ಗೋಡೆಗೂ ಅಟ್ಟದ ಅಡಿಗೂ ಒಂದೇ ಬಿಳಿ, ಎಲ್ಲಿ ಗೋಡೆ ಮುಗಿಯಿತು ಎಲ್ಲಿ ಹಲಗೆ ಶುರುವಾಯಿತು ಗೊತ್ತಾಗಬಾರದು. ಅವನು ಏಣಿಯ ಮೇಲೆ, ನಾನು ಕೆಳಗೆ ಬಕೆಟ್ಟು ಹಿಡಿದು. ಅವನ ಮೂಗಿನ ಮೇಲೆ ಸುಣ್ಣ ಬಿದ್ದಿತ್ತು.

"ಏನ್ ನಗ್ತೀಯ?"

"ನಿನ್ನ ಮೂಗಿಗೂ ಬಳಿದ್ಬಿಟ್ಟೆಯಲ್ಲ ಮಾರಾಯ. ಅದೂ ದೊಡ್ಡದು ಕಾಣತ್ತೆ ಈಗ."

"ಮೊದ್ಲೇ ಸಣ್ಣದಿತ್ತಾ?" ಅಂದು ಅವನೂ ನಕ್ಕ. ನಗುವಾಗ ಏಣಿ ಅಲುಗಾಡಿತು, ನಾನು ಅವನ ಕಾಲು ಹಿಡಿದುಕೊಂಡೆ. ಬಿಡಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಕನ್ನಡಿಯನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದೆ, ಅಂಗಳವೇ ಒಳಗೆ ಬಂದ ಹಾಗೆ ಕಾಣಲಿ ಎಂದು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಅಡಿಯಲ್ಲಿ ಒಂದು ಕಡ್ಡಿಯೂ ಇಡದೆ ಖಾಲಿ ಬಿಟ್ಟೆ. ನೆಲ ಕಂಡಷ್ಟೂ ಮನೆ ದೊಡ್ಡದು, ಅಂಗಡಿಯ ಗಾಜಿನ ಹಿಂದೆ ಕಲಿತ ಪಾಠ. ಆದರೂ ಕಿಟಕಿ ಅರ್ಧವೇ ಇತ್ತು. ಏನು ಮಾಡಿದರೂ ಕತ್ತಲೆ.

ಆಗ ಎವೆಲಿಯೊ ಗರಗಸ ತಂದ. ನಾನು ಕೇಳಿರಲಿಲ್ಲ, ದೇವರಾಣೆಗೂ ಕೇಳಿರಲಿಲ್ಲ. ತಾನು ಮಲಗುವ ಅಟ್ಟವನ್ನೇ ಕಿಟಕಿಯ ಕಡೆಯಿಂದ ಒಂದು ಮಾರು ಕೊಯ್ದುಹಾಕಿದ. ಬೆಳಕು ದಬದಬ ಕೆಳಗಿಳಿದು ಒಲೆಯವರೆಗೂ ಬಂತು. ಅವನ ಹಾಸಿಗೆಗೆ ಸರಿಯಾಗಿ ಜಾಗವೂ ಉಳಿಯಲಿಲ್ಲ. ಯಾವ ಗಂಡಸು ಬಿಟ್ಟ ಹೆಂಡತಿಗಾಗಿ ತನ್ನ ಹಾಸಿಗೆ ಕೊಯ್ದುಕೊಳ್ಳುತ್ತಾನೆ ಹೇಳಿ? ನಾನು ಹಾಗೇ ಅಂದುಕೊಂಡೆ.

ಅವನು ಕೋಣೆಯ ನಡುವೆ ನಿಂತು ಎರಡೂ ಕೈ ಅಗಲಿಸಿದ. ಯಾವ ಗೋಡೆಗೂ ತಾಗಲಿಲ್ಲ.

"ಅಬ್ಬಾ! ಇಷ್ಟು ಜಾಗ ಇತ್ತಾ ಇಲ್ಲಿ? ಈಗ ಉಸಿರಾಡ್ಬಹುದು ನೋಡು."

ಆ ದಿನ ಕಪ್ಪು ಬೀನ್ಸ್ ಕಾಳಿನ ಸಾರು, ಅನ್ನ ಮಾಡಿ ಎರಡು ತಟ್ಟೆ ಇಟ್ಟೆ. ಅವನು ತನ್ನದನ್ನು ಮೇಲೆ ಒಯ್ಯದೆ ನನ್ನೆದುರೇ ಕೂತು ಉಂಡ. ಎರಡನೇ ಸಲ ಹಾಕಿಸಿಕೊಂಡ. ಬಡಿಸುವ ಸಂತೋಷದಲ್ಲಿ ನಾನು ಉಣ್ಣುವುದನ್ನೇ ಮರೆತೆ.

ಭಾನುವಾರ ಬಂತು. "ಈ ವಾರ ಪ್ರಾದೋಗೆ ಹೋಗೋದು ಬೇಡ ಬಿಡು, ಬಿಸಿಲು" ಅಂದೆ. "ತೋರ್ಸೋ ಹಾಗಾಗಿರೋದೇ ಈಗ. ಈಗ ಹೋಗ್ದೆ ಇನ್ಯಾವಾಗ?" ಅಂದು ರಟ್ಟನ್ನು ಕತ್ತಿಗೆ ಹಾಕಿಕೊಂಡ. ಗಂಡಸರಿಗೆ ಮನಸ್ಸು ಬದಲಾದದ್ದು ತಮಗೇ ತಡವಾಗಿ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮಧ್ಯಾಹ್ನ ಒಂದು ಜೋಡಿಯನ್ನು ಜೊತೆಗೇ ಕರೆದುಕೊಂಡು ಬಂದ. ಹುಡುಗಿಯ ಹೆಸರು ಮಿರೈಡಾ. ಅವಳದು ಸೆರ್ರೋ ಬಡಾವಣೆಯಲ್ಲೊಂದು ಕೋಣೆ, ಹುಡುಗನದು ಕೊಲ್ಲಿಯಾಚೆ ರೆಗ್ಲಾದಲ್ಲೊಂದು. ಮದುವೆಯಾಗುವವರು. ಹುಡುಗಿ ಹೊಸ್ತಿಲು ದಾಟಿದ್ದೇ "ಅಯ್ಯಪ್ಪಾ, ಎಷ್ಟು ಬೆಳಕು!" ಎಂದು ಬಾಯಿಗೆ ಕೈಯಿಟ್ಟಳು. ಹುಡುಗ ಏಣಿ ಹತ್ತಿ ಅಟ್ಟದಿಂದ ಇಣುಕಿ, "ಮಿರೈಡಾ, ಇಲ್ಲಿಂದ ನೀನು ಗೊಂಬೆ ಥರ ಕಾಣ್ತೀಯ" ಅಂದ. ಅವಳು ಕೆಳಗಿಂದ ಮುತ್ತು ಎಸೆದಳು.

ಎವೆಲಿಯೊನ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ. ನೀರಿನ ತೊಟ್ಟಿಯ ಹತ್ತಿರ ಫೆಲಾ ಅಜ್ಜಿ ಇದ್ದಳು, ನಮ್ಮ ಮುಖ ನೋಡಿ ಎದ್ದು ಹೋದಳು.

"ಬೇಡ ಅಂದ್ಬಿಡೋಣ ಎವೆಲಿಯೊ."

"ಯಾಕೆ? ಅವ್ರು ಒಪ್ಕೊಂಡ್ರಲ್ಲ!"

"ಉಸಿರಾಡ್ಬಹುದು ಅಂದೆಯಲ್ಲ ನೀನೇ. ಜಾಗ ಆಯ್ತಲ್ಲ ಈಗ. ಇಲ್ಲೇ ಇರು. ಅಟ್ಟ ಪೂರ್ತಿ ಕಿತ್ತಾಕೋಣ. ನಾನು ಇದನ್ನೆಲ್ಲ ಮಾಡಿದ್ದು ಯಾರಿಗೆ ಅಂದ್ಕೊಂಡೆ? ಅಮ್ಮನ ಬೀರು ಕೊಟ್ಟಿದ್ದು ಯಾರಿಗೋಸ್ಕರ?"

ಅವನು ನನ್ನನ್ನೇ ನೋಡಿದ. ಅವನಿಗೆ ಆವರೆಗೂ ಗೊತ್ತೇ ಆಗಿರಲಿಲ್ಲ, ನಿಜವಾಗಿಯೂ ಗೊತ್ತಾಗಿರಲಿಲ್ಲ ಪಾಪಿಗೆ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು.

"ಅಟ್ಟ ಕೊಯ್ದಿದ್ದು ಬೇಗ ಯಾರಾದ್ರೂ ಒಪ್ಲಿ ಅಂತ ಕಣೇ" ಅಂದ. ಆಮೇಲೆ ತಲೆ ತಗ್ಗಿಸಿ, "ಕೋಣೆ ಸಣ್ಣದು ಅಂದಿದ್ದು... ಏನಾದ್ರೂ ಒಂದು ಹೇಳ್ಬೇಕಿತ್ತು ನೀವೆಸ್. ನಿನ್ನ ಮುಖ ನೋಡ್ಕೊಂಡು ಬೇರೆ ಮಾತು ಹೇಳೋಕಾಗ್ಲಿಲ್ಲ. ನೀನು ಒಳ್ಳೇವ್ಳು. ನಂಗೆ ನೀನು ಬೇಡ ಆಗಿತ್ತು, ಅಷ್ಟೇ" ಅಂದ.

ಅಷ್ಟೇ. ಕೂಗಾಡಿದ್ದರೆ ನಾನೂ ಬಾಯಿಗೆ ಬಂದದ್ದೆಲ್ಲ ಬೈದುಬಿಡುತ್ತಿದ್ದೆ. ಅವನು ಮೆತ್ತಗೆ ಹೇಳಿದ. ಒಳಗೆ ಪರರ ಮಕ್ಕಳು ಕಾಯುತ್ತಿದ್ದರು.

ಒಳಗೆ ಹೋದೆ. ಹುಡುಗ ಕಿಟಕಿಯ ಅಳತೆ ನೋಡುತ್ತಿದ್ದ. ಮಿರೈಡಾ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಮ್ಮಾ, ನೀವು ಹೆಂಗಸು, ನಿಮ್ಮನ್ನೇ ಕೇಳ್ತೀನಿ. ನಿಜ ಹೇಳಿ. ಇಬ್ರಿಗೆ ಸಾಕಾಗತ್ತಾ ಈ ಜಾಗ? ಆಮೇಲೆ ಜಾಗ ಇಲ್ಲ ಅಂತ ಜಗಳ ಆಗ್ಬಾರ್ದು ನೋಡಿ ನಮ್ಮಿಬ್ರಲ್ಲಿ."

ಇಲ್ಲ, ಸಾಲದು, ಹಲಗೆ ಹುಳ ಹಿಡಿದಿದೆ, ಮಳೆ ಬಂದರೆ ಗೋಡೆ ಸೋರುತ್ತದೆ. ಹೀಗೆ ಒಂದು ಮಾತು ಅಂದಿದ್ದರೆ ಸಾಕಿತ್ತು, ಅವರು ಹೋಗುತ್ತಿದ್ದರು, ಅವನು ಇನ್ನೂ ಒಂದಷ್ಟು ಕಾಲ ನನ್ನ ತಲೆಯ ಮೇಲೆ ಓಡಾಡಿಕೊಂಡಿರುತ್ತಿದ್ದ. ಬಾಗಿಲ ಹೊರಗೆ ಅವನು ಉಸಿರು ಬಿಗಿಹಿಡಿದು ನಿಂತಿದ್ದ, ನಾನು ಏನು ಹೇಳುತ್ತೇನೋ ಎಂದು.

"ಸಾಕಾಗತ್ತೆ ಕಣಮ್ಮಾ" ಅಂದೆ. "ಜಾಗಕ್ಕೇನೂ ಕಮ್ಮಿಯಿಲ್ಲ ಇಲ್ಲಿ. ನಾವಿಬ್ರು ಬೇಕಾದಷ್ಟು ಆರಾಮಾಗಿ ಇರ್ಬಹುದಿತ್ತು."