ಹಳದಿಗೆ ತಿರುಗಿದ ಅಂಚು

ಏಣಿಯ ಮೇಲ್ಮೆಟ್ಟಿಲಲ್ಲೇ ನಿಂತು ಅಂಬಿಕ ಡೇರಿಯ ಶೀಟಿನ ಚಾವಣಿಯ ಮೇಲಿದ್ದ ಸೋಲಾರ್ ಫಲಕಗಳನ್ನು ನೋಡಿದಳು. ಆಂಡರ್ಸನ್‌ಪೇಟೆಯ ಲ್ಯಾಬಿನಲ್ಲಿ ಅವಳೇ ಮಾಡಿದವು. ಗಾಜಿನೊಳಗಿನ ಕಪ್ಪುಕಂದು ಲೇಪನ ಅಂಚಿನುದ್ದಕ್ಕೂ ಹಳದಿಗೆ ತಿರುಗಿತ್ತು. ಮಳೆನೀರು ಒಳಹೊಕ್ಕಿತ್ತು.

ಪೆರೊವ್‌ಸ್ಕೈಟ್ ಎಂಬ ಆ ಲೇಪನ ಅಗ್ಗ, ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಆದರೆ ತೇವ ತಾಗಿದರೆ ಕೆಡುತ್ತದೆ, ಅದರಲ್ಲಿರುವ ಸೀಸ ನೀರಿಗಿಳಿಯುತ್ತದೆ. ಬೆರಕೆಯಲ್ಲಿ ಒಂದು ಲವಣ ತಗ್ಗಿಸಿ ಇನ್ನೊಂದು ಸೇರಿಸಿ, ಅಂಬಿಕ ಅದನ್ನು ಬಿಸಿಗೆ ಕೆಡದಂತೆ ಮಾಡಿದ್ದಳು. ಅಂಚು ಮುಚ್ಚುವ ಅಂಟು ಮಾತ್ರ ಇನ್ನೂ ಕೈಕೊಡುತ್ತಿತ್ತು. ಒಂದು ಮಳೆಗಾಲ ನಮ್ಮ ಕಾಂಪೌಂಡಿನಲ್ಲೇ ಇಟ್ಟು ನೋಡೋಣ ಎಂದು ಕಂಪನಿಯ ಯಜಮಾನ ಚಂದ್ರಶೇಖರ್‌ಗೆ ಹೇಳಿದ್ದಳು. ಆತ ಆಗಲಿ ಎಂದು ತಲೆಯಾಡಿಸಿದ್ದ. ಆಮೇಲೆ ಅವಳಿಗೆ ತಿಳಿಸದೆ ಫಲಕಗಳನ್ನು ಅವಳದೇ ಊರಾದ ಬೂದಿಕೋಟೆಯ ಈ ಡೇರಿಗೆ ಸಾಗಿಸಿ, ಉಚಿತ ಕೊಡುಗೆ ಎಂದು ಬೋರ್ಡು ಹಾಕಿಸಿ, ಬಂಡವಾಳ ಹೂಡುವವರಿಗೆ ಫೋಟೊ ಕಳಿಸಿದ್ದ. ಆ ಫೋಟೊ ಅವಳ ಕಣ್ಣಿಗೆ ಬಿದ್ದದ್ದು ಇವತ್ತು ಬೆಳಿಗ್ಗೆ.

ಕೆಳಗೆ ಏಣಿ ಹಿಡಿದಿದ್ದವಳು ಅವಳ ಚಿಕ್ಕಮ್ಮ ಕನಕಮ್ಮ. ಡೇರಿ ನೋಡಿಕೊಳ್ಳುವವಳು ಅವಳೇ.

"ಏನಾಗೈತಮ್ಮಾ? ಲೈಟು ಚೆನ್ನಾಗೇ ಉರೀತಿತ್ತಲ್ಲ."

"ಈ ಶೀಟಿನ ನೀರು ಎಲ್ಲಿಗೋಗ್ತದೆ ಚಿಕ್ಕಮ್ಮ?"

"ತೊಟ್ಟಿಗೆ. ಊರ ದನ ಎಲ್ಲಾ ಕುಡಿಯಾಕೆ."

ಅಂಬಿಕ ಕೆಳಗಿಳಿದು ಚಂದ್ರಶೇಖರ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದಳು.

"ಇವತ್ತೇ ಬಿಚ್ಚಿಸಿ ಸಾರ್. ದನ ಕುಡಿಯೋ ನೀರಿಗೆ ಸೀಸ ಇಳೀತಿದೆ."

"ಶುಕ್ರವಾರ ಹೂಡಿಕೆದಾರರು ನೋಡೋಕೆ ಬರ್ತಾರೆ. ಆಮೇಲೆ ಬಿಚ್ಚಿದರಾಯ್ತು."

"ಅಲ್ಲೀವರೆಗೂ ಕುಡೀಲಿ ಅಂತೀರಾ?"

"ಎಷ್ಟಿರುತ್ತೆ ಅಂಬಿಕ, ಒಂದು ಚಿಟಿಕೆ. ನಿಮ್ಮ ಕಡೆಯವರು ಚಿನ್ನದ ಗಣಿಯ ಸೈನೈಡ್ ದಿಬ್ಬದ ದೂಳು ಕುಡಿದೇ ಬದುಕಿದವರು. ಇದಕ್ಕೇನಾಗುತ್ತೆ?"

ಕನಕಮ್ಮ ಫೋನಿನತ್ತ ಬಾಗಿದಳು. "ನೀನು ಬದುಕ್ದೋರ್ನ ಮಾತ್ರ ನೋಡಿದ್ದೀಯ ಕಣಪ್ಪ. ಆ ದಿಬ್ಬದ ಬುಡದಾಗೆ ನಮ್ಮಣ್ಣನೂ ಇದ್ದ. ಕೆಮ್ಮಿ ಕೆಮ್ಮಿ ಸತ್ತೋದ."

ಚಂದ್ರಶೇಖರ್ ತಣ್ಣಗೆ ಹೇಳಿದ, "ಒಂದು ಫಲಕ ಮುಟ್ಟಿದರೂ ನಾಳೆಯಿಂದ ಲ್ಯಾಬಿಗೆ ಬರಬೇಡಿ."

ಅಂಬಿಕಳ ಕಿವಿ ಬಿಸಿಯಾಯಿತು. ಬಿಸಿಲು ಹಿಡಿಯಲೆಂದು ತಾನು ಮಾಡಿದ್ದನ್ನು ಈ ಮನುಷ್ಯ ವಿಷದ ಹನಿಯಾಗಿಸಿದ್ದ, ಅದೂ ತನ್ನವರ ತೊಟ್ಟಿಗೆ.

"ಬರಲ್ಲ ಸಾರ್," ಎಂದು ಫೋನಿಟ್ಟಳು. "ಸ್ಪ್ಯಾನರ್ ಕೊಡು ಚಿಕ್ಕಮ್ಮ. ತೊಟ್ಟಿ ಹತ್ರ ಯಾವ ದನಾನೂ ಬಿಡ್ಬೇಡ."

ಕೈಗವಸು ಹಾಕಿಕೊಂಡು ಒಂದೊಂದೇ ಫಲಕ ಬಿಚ್ಚಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದಳು. ಮುಗಿಯುವ ಹೊತ್ತಿಗೆ ಸಂಜೆಯ ಹಾಲು ತಂದ ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿದ್ದರು. ಅಂಬಿಕ ಏನನ್ನೂ ಮುಚ್ಚಿಡದೆ ಹೇಳಿದಳು. ಕೊನೆಗೆ, "ಪರೀಕ್ಷೆ ಮಾಡ್ಸೋ ತನಕ ಈ ಹಾಲು ಯಾರ್ಗೂ ಕೊಡ್ಬಾರ್ದು," ಎಂದಳು.

ಕನಕಮ್ಮ ಒಳಗಿಟ್ಟಿದ್ದ ತನ್ನ ಕ್ಯಾನನ್ನು ಎತ್ತಿಕೊಂಡು ಹೊಂಗೆಮರದ ಬುಡಕ್ಕೆ ಹೋಗಿ ನಿಧಾನವಾಗಿ ಬಗ್ಗಿಸಿದಳು. ಕೆಂಪು ಮಣ್ಣು ಕೂಡಲೇ ಹೀರಲಿಲ್ಲ. ಹಾಲು ಬೇರುಗಳ ನಡುವೆ ಬೆಳ್ಳಗೆ ನಿಂತಿತು. ಸಾಲಿನಲ್ಲಿ ಯಾರೋ ಕ್ಯಾನಿನ ಮುಚ್ಚಳ ತೆಗೆದ ಸದ್ದಾಯಿತು.