ಅಬೇದಾನ ಸಲುವಾಗಿ ಮುಚ್ಚಿಟ್ಟ ಪುಸ್ತಕ

ನಾವು ತಿಕೋಟಾದ ಹೆಣ್ಮಕ್ಕಳ್ರಿ. ಶೆಡ್ಡಿನ್ಯಾಗ ಕೂಡಿ ಕುಂತು ಒಣದ್ರಾಕ್ಷಿ ಆರಿಸೂದು ನಮ್ಮ ಕೆಲಸ. ಕಡ್ಡಿ ತಗೀಬೇಕು, ಕೆಟ್ಟದ್ದು ಬ್ಯಾರೆ ಮಾಡಬೇಕು. ಕೈಗೆ ಪುರಸೊತ್ತಿಲ್ಲ, ಕಿವಿಗೆ ಮಾತ್ರ ಏನೂ ಕೆಲಸಿಲ್ಲ. ಅದಕ್ಕ ಒಂದು ಪದ್ಧತಿ ಮಾಡ್ಕೊಂಡಿದ್ವಿ. ಅಬೇದಾ ಕಾದಂಬರಿ ಓದೂದು, ಆಕಿ ಪಾಲಿನ ದ್ರಾಕ್ಷಿ ನಾವೆಲ್ಲಾ ಆರಿಸಿ ಕೊಡೂದು.

ಹೋದ ವರ್ಷ ಅಬೇದಾ ಮಗನ ಜೋಡಿ ವಿಜಯಪುರದ ಜಲನಗರಕ್ಕ ಹೋದ್ಲು. ಕಾದಂಬರಿ ಅರ್ಧಕ್ಕ ನಿಂತಿತ್ತು. ಅದರಾಗಿನ ಸೊಸಿ ಅತ್ತಿ ಕಾಟಕ್ಕ ಬ್ಯಾಸತ್ತು ತವರಮನಿಗೆ ಹೋಗಾಕ ಬಸ್ಸಿನ ಹಾದಿ ಕಾಯಾಕತ್ತಿದ್ಲು. ನಮ್ಮ ಹಿರ್ಯಾಕಿ ಲಕ್ಕವ್ವ ಅವತ್ತ ಹುಕುಂ ಮಾಡಿದ್ಲು.

"ಅಬೇದಾ ತಿರುಗಿ ಬರೂತನಕ ಈ ಪುಸ್ತಕ ಯಾರೂ ಮುಟ್ಟಬ್ಯಾಡ್ರಿ. ಆಕೀನ ಬಿಟ್ಟು ಮುಂದ ಕೇಳಿದ್ರ ಆಕಿಗೆ ಮೋಸ ಮಾಡಿದಂಗ."

ಲಕ್ಕವ್ವಗ ಅಕ್ಷರ ಬರೂದಿಲ್ಲ, ಆದ್ರ ಆಕಿಗೆ ಎದುರು ಮಾತಾಡೂ ಧೈರ್ಯ ನಮಗಿಲ್ಲ. ಆ ಸೊಸಿ ಪಾಪ, ವರ್ಷಪೂರ್ತಿ ಬಸ್‌ಸ್ಟ್ಯಾಂಡಿನ್ಯಾಗ ನಿಂತ್ಲು.

ಆಮ್ಯಾಲ ಒಬ್ಬೊಬ್ಬರೂ ಕಿವ್ಯಾಗ ವೈರ್ ಸಿಗಿಸ್ಕೊಂಡು ಮೊಬೈಲ್ ಕೇಳಾಕತ್ತಿದ್ರು. ನಗಿ ಬಂದ್ರ ಒಬ್ಬಾಕೀನ ನಗೂದು, ಹುಚ್ಚಿಯಂಗ. ಲಕ್ಕವ್ವ ಅಬೇದಾನ ನೆನಪು ಬಂದಾಗೆಲ್ಲಾ ಸೆರಗಿನಿಂದ ಕಣ್ಣು ಒರಸ್ಕೋತಿದ್ಲು.

ಊರಿನ ಲೈಬ್ರರಿ ನೋಡ್ಕೊಳ್ಳೂ ನಂದಾ ಒಂದಿನ ಬಂದು, "ಲಕ್ಕವ್ವಕ್ಕಾ, ಸೌಭಾಗ್ಯಾ ಓದ್ಲಿ ಬಿಡ್ರಿ" ಅಂದ್ಲು. ಸೌಭಾಗ್ಯಾ ಅಂದ್ರ ನಾನ.

"ಈಕಿ ಓದೂದಾ? ಒಂದು ಸಾಲು ಮುಗಿಯೂದ್ರಾಗ ದ್ರಾಕ್ಷಿಗೆ ಹುಳ ಬೀಳ್ತಾವು."

"ತಡವರಿಸಿದ್ರ ಏನಾತ್ರಿ? ಇಲ್ಲೇನ ಪರೀಕ್ಷಾ ನಡದೈತೇನು? ಕೂಡಿ ಕೇಳೂದ್ರಾಗ ಖುಷಿ ಐತ್ರಿ."

"ಅಬೇದಾನ ಕೇಳದ ಆಗೂದಿಲ್ಲ."

"ಹಂಗಾರ ಹೋಗಿ ಕೇಳ್ರೆಲಾ."

ನಾನು, ಲಕ್ಕವ್ವ ಜಲನಗರಕ್ಕ ಅಬೇದಾನ ಮನಿಗೆ ಹೋದ್ವಿ. ಅಬೇದಾ ಲಕ್ಕವ್ವನ್ನ ತೆಕ್ಕಿಬಿದ್ದು ಅತ್ತಳು. ಚಾ ಕುಡದ ಮ್ಯಾಲ ಕಪಾಟಿನ್ಯಾಗ ಆ ಪುಸ್ತಕದ ರಟ್ಟಿನ ಚಿತ್ರ ಕಂಡು ಲಕ್ಕವ್ವಗ ತಡಿಯಾಕ ಆಗಲಿಲ್ಲ.

"ಅಬೇದಾ, ಇಲ್ಲೂ ಅದ ಪುಸ್ತಕ ಐತಲ್ಲಬೇ. ಆ ಸೊಸಿ ಊರು ಮುಟ್ಟಿದ್ಲೇನು?"

"ನನಗೇನು ಗೊತ್ತಕ್ಕಾ? ಮಗ ತಂದು ಕೊಟ್ಟಾನ. ಎಷ್ಟೋ ಸಲ ಕೈಯಾಗ ಹಿಡದೆ. ಒಬ್ಬಾಕೀನ ಓದಿದ್ರ ನಡುವ ಬಾಯಿ ಹಾಕೋರು ಯಾರು? ಆ ಅತ್ತಿಗೆ ಬೈಯೋರು ಯಾರು? ಮನಸ ಆಗಲಿಲ್ಲ."

"ನಿನ್ನ ಸಲುವಾಗಿ ನಾವೂ ಮುಚ್ಚಿಟ್ಟೀವಿ," ಅಂದ್ಲು ಲಕ್ಕವ್ವ.

ಅಬೇದಾಗ ಸಿಟ್ಟು ಬಂತು. "ಯಾರು ಮುಚ್ಚಿಡು ಅಂದ್ರು? ಅಲ್ಲಿ ನೀವಾರ ನಕ್ಕೋಂತ ಇರ್ತೀರಿ ಅಂತ ನಾ ಇಲ್ಲಿ ಸಮಾಧಾನ ಮಾಡ್ಕೊಂಡು ಕುಂತೇನಿ. ಅದನ್ನೂ ನಿಲ್ಲಿಸಿಬಿಟ್ರಾ?"

ಸಂಜಿ ಬಸ್ಸಿಗೆ ನಾವಿಬ್ರೂ ವಾಪಸ್ ಬಂದ್ವಿ.

ಮರುದಿನ ಲಕ್ಕವ್ವ ಶೆಡ್ಡಿಗೆ ಬಂದಾಕಿನ ಹೇಳಿದ್ಲು, "ಸೌಭಾಗ್ಯಾನ ಪಾಲಿನ ದ್ರಾಕ್ಷಿ ನನ್ನ ಮುಂದ ಹಾಕ್ರಿ. ಅಬೇದಾಗ ಫೋನ್ ಹಚ್ರಿ."

ನಾ ಎಡವ್ಯಾಡಿ ಓದಿದೆ. ಲಕ್ಕವ್ವ ಕಥಿಯೊಳಗಿನ ಅತ್ತಿಗೆ ಹಿಂದಿನಂಗ ಬೈದ್ಲು. ಎಲ್ಲಾರೂ ಕೂಡಿ ನಕ್ವಿ. ಲಕ್ಕವ್ವ ಫೋನಿಗೆ ಬಾಯಿ ಹಚ್ಚಿ ಕೇಳಿದ್ಲು.

"ಅಬೇದಾ, ಕೇಳಾಕತ್ತೀಯೇನಬೇ?"

"ಕೇಳಾಕತ್ತೇನಿ ಅಕ್ಕಾ. ಎದ್ದು ಅಲ್ಲೇ ಬಂದು ಕುಂಡ್ರಬೇಕು ಅನಸಾಕತ್ತೈತಿ. ನಿಲ್ಲಿಸಬ್ಯಾಡ್ರಿ, ಮುಂದ ಓದ್ರಿ."

ಅಕ್ಕಗಳ್ರಾ, ತಂಗಿಗಳ್ರಾ, ನೀವು ಕೂಡಿ ದುಡಿಯೂ ಜಾಗದಾಗ ಒಂದು ಪುಸ್ತಕ ಇಟ್ಕೋರಿ. ನಿಮ್ಮೂರಿನ ಲೈಬ್ರರ್ಯಾಗ ಕೇಳಿದ್ರ ಕೊಡ್ತಾರ. ಓದಾಕ ಬರಾಕಿ ಓದ್ಲಿ, ಬರದಾಕಿ ಕೇಳ್ಲಿ, ತಪ್ಪಿದ್ರ ನಕ್ಕು ಮುಂದ ಹೋಗ್ರಿ. ಓದೋರು ಊರು ಬಿಟ್ಟು ಹೋಗ್ಯಾರಂತ ಓದು ನಿಲ್ಲಿಸಬ್ಯಾಡ್ರಿ. ಹೋದೋರಿಗೂ ನಿಮ್ಮ ನಗಿ ಕೇಳೂ ಆಸೆ ಇರತೈತಿ. ಇವತ್ತ ಅವರಿಗೊಂದು ಫೋನ್ ಹಚ್ರಿ.